ಮಿಡತೆಯ ಮನುಷ್ಯನ ಮುಖ

ಜನವರಿ 9

ಮಾನ್ಯರಿಗೆ ನಮಸ್ಕಾರ.

ಗುರುತು ಪರಿಚಯವಿಲ್ಲದವನ ಕಾಗದ ಕಂಡು ಗಾಬರಿಯಾಗಬೇಡಿ. ನಾನೊಬ್ಬ ಚಿತ್ರಗಾರ. ನಮ್ಮೂರಿನ ಹಳೆಯ ವಿಮಾನ ನಿಲ್ದಾಣದ ಗೋದಾಮನ್ನು ಈಗ ಸಂಗ್ರಹಾಲಯ ಮಾಡುತ್ತಿದ್ದಾರೆ. ಅದರ ದೊಡ್ಡ ಹಜಾರಕ್ಕೆ ಹನ್ನೆರಡು ತೈಲಚಿತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ವಿಮಾನವೆಂದರೆ ಬಟ್ಟೆ, ಬಿದಿರು, ತಂತಿ ಅಷ್ಟೇ ಆಗಿದ್ದ ಕಾಲದಲ್ಲಿ ಹಾರಲು ಹೊರಟ ಹನ್ನೆರಡು ಮಂದಿ, ಅವರವರ ವಿಮಾನದ ಜೊತೆಗೆ. ಹನ್ನೊಂದು ಮುಗಿದಿವೆ. ಹನ್ನೆರಡನೆಯವರು ತಮ್ಮ ತಂದೆ.

ಅವರ ವಿಮಾನದ ಒಂದು ಫೋಟೊ ಸಿಕ್ಕಿದೆ. ಜನ ಅದನ್ನು ‘ಮಿಡತೆ’ ಎಂದು ಕರೆಯುತ್ತಿದ್ದರಂತೆ, ಒಂದಿಷ್ಟು ಎದ್ದು ಕುಪ್ಪಳಿಸಿ ಮತ್ತೆ ಕೂರುತ್ತಿದ್ದುದರಿಂದ. ಅದೇ ಮಿಡತೆ ಒಂದು ದಿನ ಕೊಲ್ಲಿ ದಾಟಿ ಎದುರಿನ ದ್ವೀಪದಲ್ಲಿ ಇಳಿಯಿತು. ಅದಕ್ಕೂ ಮುಂಚೆ ಆ ನೀರಿನ ಮೇಲೆ ಹಾರಿದ ಮನುಷ್ಯರಿರಲಿಲ್ಲ. ವಾಪಸು ಬರುವಾಗ ಸಮುದ್ರ ಏನು ಮಾಡಿತೆಂದು ತಮಗೆ ನಾನು ಹೇಳಬೇಕಾಗಿಲ್ಲ.

ಫೋಟೊದಲ್ಲಿ ಮಿಡತೆ ಎಷ್ಟು ಚೆನ್ನಾಗಿ ಬಿದ್ದಿದೆಯೆಂದರೆ ಒಂದೊಂದು ತಂತಿಯನ್ನೂ ಎಣಿಸಬಹುದು. ಪಕ್ಕದಲ್ಲಿ ನಿಂತ ತಮ್ಮ ತಂದೆಯ ಮುಖ ಮಾತ್ರ ಟೋಪಿಯ ನೆರಳಿನಲ್ಲಿ ಮುಳುಗಿಹೋಗಿದೆ. ವಿಮಾನವನ್ನು ಬರೆದು ಮುಗಿಸಿದ್ದೇನೆ, ಮನುಷ್ಯನ ಮುಖದ ಜಾಗ ಖಾಲಿ ಬಿಟ್ಟಿದ್ದೇನೆ. ಮನೆಯಲ್ಲಿ ಅವರ ಫೋಟೊ ಇದ್ದರೆ, ಎಷ್ಟು ಚಿಕ್ಕದಾದರೂ ಸರಿ, ಕಳಿಸಿಕೊಡಬೇಕು. ಜೋಪಾನವಾಗಿ ಹಿಂದಿರುಗಿಸುವ ಹೊಣೆ ನನ್ನದು.

ತಮ್ಮ ಉತ್ತರದ ದಾರಿ ಕಾಯುವ
ಚಿತ್ರಗಾರ

---

ಜನವರಿ 20

ಚಿತ್ರಗಾರರಿಗೆ,

ಕಾಗದ ಬಂತು. ಅಕ್ಷರ ದುಂಡಗಿದೆ, ಓದಲು ಕಷ್ಟವಾಗಲಿಲ್ಲ.

ಫೋಟೊ ಇಲ್ಲ. ಕಳೆದುಹೋಗಿದೆ ಅಂತಲ್ಲ. ಅಪ್ಪ ಹೋದ ಮೇಲೆ ಅಮ್ಮ ಕತ್ತರಿ ಹಿಡಿದು ಕೂತು, ಮನೆಯಲ್ಲಿದ್ದ ಫೋಟೊಗಳಿಂದೆಲ್ಲ ಅವನ ಮುಖವನ್ನು ಕತ್ತರಿಸಿ ತೆಗೆದಳು. ಮದುವೆಯ ಫೋಟೊದಲ್ಲಿ ಅಮ್ಮನ ಪಕ್ಕ ಒಂದು ಕೋಟು ನಿಂತಿದೆ, ಮೇಲೆ ತೂತು. ನನ್ನನ್ನು ಎತ್ತಿಕೊಂಡ ಫೋಟೊದಲ್ಲಿ ಎರಡು ಕೈಗಳಿವೆ, ಅಷ್ಟೆ. ಕತ್ತರಿಸಿದ ಚೂರುಗಳು ಎಲ್ಲಿ ಹೋದವೋ ಗೊತ್ತಿಲ್ಲ. ಆಗ ನನಗೆ ಆರು ವರ್ಷ. ಕೇಳುವ ವಯಸ್ಸು ಬಂದಾಗ ಧೈರ್ಯ ಬರಲಿಲ್ಲ, ಧೈರ್ಯ ಬಂದಾಗ ಅಮ್ಮ ಇರಲಿಲ್ಲ.

ವಿಮಾನ ಬರೆದಿದ್ದೀರಲ್ಲ, ಸಾಕು ಬಿಡಿ. ಅವನಿಗೂ ವಿಮಾನವೊಂದಿದ್ದರೆ ಸಾಕಾಗಿತ್ತು.

ಇನ್ನೊಂದು ಮಾತು. ನನ್ನನ್ನು ‘ತಾವು’ ಅನ್ನಬೇಡಿ. ನಲವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಲೈನ್ ಸಿಗದವರ ಬೈಗುಳ ಉಂಡವಳು ನಾನು. ಅಷ್ಟೊಂದು ಮರ್ಯಾದೆ ಈಗ ಅರಗುವುದಿಲ್ಲ. ಮನೆಯಲ್ಲಿ ಫೋನೂ ಇಟ್ಟಿಲ್ಲ, ಹುಡುಕಬೇಡಿ.

ಇಷ್ಟೇ.
ನಿವೃತ್ತ ಟೆಲಿಫೋನ್ ಆಪರೇಟರ್

---

ಫೆಬ್ರವರಿ 2

ಅಮ್ಮಾ,

‘ತಾವು’ ಬಿಟ್ಟಿದ್ದೇನೆ, ನೋಡಿ.

ನಿಮ್ಮ ಕಾಗದ ಓದಿದ ಮೇಲೆ ಕುಂಚ ಮುಟ್ಟಲು ಮನಸ್ಸಾಗಲಿಲ್ಲ. ನಿಜ ಹೇಳಿಬಿಡುತ್ತೇನೆ, ಮುಖ ಬರೆಯುವುದು ನನ್ನ ಕೈಗೆ ಒಗ್ಗಿದ ಕೆಲಸವಲ್ಲ. ವಿಮಾನ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೂತು ನಟ್ಟು, ಬೋಲ್ಟು, ರೆಕ್ಕೆಯ ಪಕ್ಕೆಲುಬು ಬರೆದೇ ಅರ್ಧ ಆಯುಸ್ಸು ಕಳೆದವನು. ಬಿಡಿಬಿಡಿ ಭಾಗ ಬರೆದು ಬೇಜಾರಾಗಿ, ಒಂದು ಸಲವಾದರೂ ಇಡೀ ವಿಮಾನವನ್ನು ಆಕಾಶದ ಸಮೇತ ಬರೆಯಬೇಕೆಂಬ ಆಸೆ ಹುಟ್ಟಿ ಬಣ್ಣ ಕಲಸಿದೆ. ನನ್ನ ಹೆಂಡತಿ ಹೇಳುತ್ತಾಳೆ, “ನಿಮ್ಮ ಚಿತ್ರದಲ್ಲಿ ವಿಮಾನಕ್ಕೆ ಜೀವ ಇರತ್ತೆ. ಪಕ್ಕದಲ್ಲಿ ನಿಂತಿರೋ ಮನುಷ್ಯನೇ ಮರದಲ್ಲಿ ಮಾಡಿದ ಹಾಗಿರ್ತಾನೆ ಕಣ್ರೀ” ಎಂದು. ಬಲೂನಿನಲ್ಲಿ ಮರುಭೂಮಿ ದಾಟಿದ ಒಬ್ಬ ಹೆಂಗಸಿನ ಚಿತ್ರ ಬರೆದಿದ್ದೇನೆ. ಬಲೂನಿನ ಮಡಿಕೆ ಮಡಿಕೆಯಲ್ಲೂ ಬಿಸಿಲಿದೆ, ಆಕೆಯ ಮುಖದಲ್ಲಿ ಮಾತ್ರ ಅಂಚೆಚೀಟಿಯ ಕಳೆ. ಹೀಗೇ ಹನ್ನೊಂದು ಮುಖಗಳನ್ನು ಫೋಟೊ ನೋಡಿಕೊಂಡು ಹೇಗೋ ದಡ ಸೇರಿಸಿದೆ.

ಈಗ ಊಹೆಯಿಂದ ಮೂರು ಮುಖಗಳನ್ನು ಪೆನ್ಸಿಲ್ಲಿನಲ್ಲಿ ಬರೆದು ಕಳಿಸುತ್ತಿದ್ದೇನೆ. ಯಾವುದಾದರೊಂದರಲ್ಲಿ ಒಂದು ಹುಬ್ಬು, ಒಂದು ಕೆನ್ನೆ ‘ಇದು ಹೌದು’ ಅನ್ನಿಸಿದರೆ ಗುರುತು ಹಾಕಿ. ಮುಖ ಸಿಗದಿದ್ದರೆ ನಿಮ್ಮ ತಂದೆಯನ್ನೇ ಕೈಬಿಟ್ಟು ಬೇರೊಬ್ಬರನ್ನು ತೆಗೆದುಕೊಳ್ಳೋಣ ಎನ್ನುತ್ತಿದ್ದಾರೆ ಸಂಗ್ರಹಾಲಯದ ನಿರ್ದೇಶಕರು. ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಬೇಕಂತೆ. ನನಗೆ ಅದು ಸರಿಕಾಣುವುದಿಲ್ಲ. ಕೊಲ್ಲಿ ದಾಟಿದವರು ಅವರು.

ನಿಮ್ಮ ಕೋಪಕ್ಕೆ ಸಿದ್ಧನಾಗಿರುವ
ಚಿತ್ರಗಾರ

---

ಫೆಬ್ರವರಿ 15

ಚಿತ್ರಗಾರರಿಗೆ,

ಮೂರನ್ನೂ ವಾಪಸು ಕಳಿಸಿದ್ದೇನೆ. ಮೊದಲನೆಯವನು ಪಾಸ್‌ಪೋರ್ಟ್ ಫೋಟೊಗೆ ಕೂತಿದ್ದಾನೆ. ಎರಡನೆಯವನಿಗೆ ಹಲ್ಲುನೋವು. ಮೂರನೆಯವನು ಚೆನ್ನಾಗಿದ್ದಾನೆ, ಸಿನಿಮಾಕ್ಕೆ ಕಳಿಸಿ. ನಮ್ಮಪ್ಪನಲ್ಲ.

ಹೇಗೆ ಗೊತ್ತು ಎಂದು ಕೇಳಬೇಡಿ. ಅವನ ಮುಖ ನೆನಪಿಲ್ಲ. ಆದರೆ ಇವರ್ಯಾರೂ ಅವನಲ್ಲ ಅನ್ನುವುದು ನೆನಪಿದೆ.

ನಿಮಗೆ ಇನ್ನು ಬರೆಯಬಾರದೆಂದೇ ಇದ್ದೆ. ಸೊಸೆ ಬಿಡಲಿಲ್ಲ. “ಅತ್ತೆ, ಪಾಪ, ಅಷ್ಟು ಕೇಳ್ಕೋತಿದಾರೆ. ಏನಾದ್ರೂ ನೆನಪಿದ್ರೆ ಬರೀರಿ, ಅದರಿಂದ ನಿಮ್ಮ ಗಂಟೇನು ಹೋಗತ್ತೆ?” ಅಂದಳು.

ನೆನಪಿರುವುದು ದನಿ. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಮಿಡತೆ ಹುಟ್ಟಿದ್ದು ಅದರ ಹಿಂದಿನ ಶೆಡ್ಡಿನಲ್ಲಿ. ನನ್ನನ್ನು ಅವನು ‘ಸುಂಡಿಲಿ’ ಎಂದು ಕರೆಯುತ್ತಿದ್ದ. ‘ಸು’ ಅನ್ನುವಾಗ ಸಣ್ಣದೊಂದು ಶಿಳ್ಳೆ ಕೇಳುತ್ತಿತ್ತು. ‘ಸ’ ಇರುವ ಮಾತಿಗೆಲ್ಲ ಹಾಗೆಯೇ, ಸೈಕಲ್ಲು, ಸಂಜೆ, ಸುಮ್ನಿರು. ಮಾತಿನ ಕೊನೆ ಯಾವಾಗಲೂ ಮೇಲಕ್ಕೆ ಹೋಗುತ್ತಿತ್ತು, ನಗು ತಡೆದುಕೊಂಡು ಮಾತಾಡುವವರ ಹಾಗೆ. ಎಕ್ಸ್‌ಚೇಂಜಿನಲ್ಲಿದ್ದಷ್ಟು ಕಾಲವೂ ಆ ಕಡೆಯಿಂದ ಯಾರಾದರೂ ‘ಸ’ಕಾರದಲ್ಲಿ ಶಿಳ್ಳೆ ಹಾಕಿದರೆ ನನ್ನ ಕೈ ಒಂದು ಗಳಿಗೆ ನಿಂತುಬಿಡುತ್ತಿತ್ತು, ಲೈನ್ ಕೊಡುವುದು ತಡವಾಗುತ್ತಿತ್ತು. “ಏನ್ರೀ, ನಿದ್ದೇನಾ?” ಎಂದು ಮೇಲ್ವಿಚಾರಕಿ ಗದರುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.

ಇನ್ನು ನೆನಪಿರುವುದು ಕತ್ತಿನ ಹಿಂಭಾಗ. ಸೈಕಲ್ಲಿನ ಕ್ಯಾರಿಯರ್ ಮೇಲೆ ನಾನು, ಮುಂದೆ ಅವನ ಕತ್ತು. ಬಿಸಿಲಿಗೆ ಕಂದಿದ್ದು, ಕೂದಲು ಮುಗಿಯುವಲ್ಲಿ ಎಡಕ್ಕೆ ತಿರುಗಿದ ಒಂದು ಸುಳಿ. ಅದನ್ನು ಬೇಕಾದರೆ ಕಣ್ಣು ಮುಚ್ಚಿಕೊಂಡು ಬರೆದು ತೋರಿಸುತ್ತೇನೆ. ಮುಖ ಹುಡುಕುವವರಿಗೆ ಅದರಿಂದೇನು ಉಪಯೋಗ?

ಸಾಕು. ಕೈ ನೋಯುತ್ತದೆ.
ನಿವೃತ್ತ ಟೆಲಿಫೋನ್ ಆಪರೇಟರ್

---

ಮಾರ್ಚ್ 3

ಅಮ್ಮಾ,

ಬಾಯಿ ಸಿಕ್ಕಿತು!

ಶಿಳ್ಳೆ ಬರಬೇಕಾದರೆ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇರಬೇಕು. ನಗು ತಡೆದುಕೊಳ್ಳುವವರ ತುಟಿಯ ಮೂಲೆ ಒಳಕ್ಕೆ ಎಳೆದುಕೊಂಡಿರುತ್ತದೆ. ಕನ್ನಡಿಯ ಮುಂದೆ ನಿಂತು ನನ್ನ ಬಾಯನ್ನೇ ನೋಡಿಕೊಳ್ಳುತ್ತ “ಸುಂಡಿಲಿ, ಸುಂಡಿಲಿ” ಎಂದು ಹೇಳುತ್ತಿದ್ದೆ. ಹೆಂಡತಿ ಅಡುಗೆಮನೆಯಿಂದ “ಎಲ್ಲಿ, ಎಲ್ಲಿ?” ಎಂದು ಪೊರಕೆ ಹಿಡಿದು ಓಡಿಬಂದಳು.

ಆದರೆ ಬಾಯಿಯ ಮೇಲೆ ಏನೂ ಬರಲಿಲ್ಲ. ಮೂಗು ಹಾಕಿದರೆ ಬಾಯಿ ಸುಳ್ಳಾಗುತ್ತದೆ, ಕಣ್ಣು ಹಾಕಿದರೆ ಎರಡೂ ಸುಳ್ಳಾಗುತ್ತವೆ. ಅಳಿಸಿ ಅಳಿಸಿ ಕಾಗದ ತೂತಾಯಿತು.

ಆಗ ಹೊಳೆಯಿತು. ನಿಮಗೆ ಚೆನ್ನಾಗಿ ನೆನಪಿರುವುದು ಕತ್ತಿನ ಹಿಂಭಾಗ ತಾನೆ? ಹಿಂದಿನಿಂದಲೇ ಬರೆದರಾಯಿತಲ್ಲ! ಮಿಡತೆಯ ಕಡೆಗೆ ನಡೆದು ಹೋಗುತ್ತಿರುವ ಮನುಷ್ಯ, ಕೈಯಲ್ಲಿ ಟೋಪಿ, ಎದುರಿಗೆ ಬೆಳಗಿನ ನೀರು. ಕರಡು ನೋಡಿ ನಿರ್ದೇಶಕರು, “ಹನ್ನೆರಡರಲ್ಲಿ ಇದೇ ಚೆನ್ನಾಗಿದೆ, ಜನ ಇದರ ಮುಂದೇನೇ ನಿಂತ್ಕೋತಾರೆ” ಅಂದರು. ನನಗೂ ಹಾಗೆಯೇ ಅನ್ನಿಸಿತು. ಆ ಕರಡು ಇದರ ಜೊತೆಗಿದೆ. ನೀವು ಹೂಂ ಅಂದರೆ ಬಣ್ಣಕ್ಕೆ ಕೈ ಹಾಕುತ್ತೇನೆ.

ಹಗುರ ಮನಸ್ಸಿನಿಂದ,
ಚಿತ್ರಗಾರ

---

ಮಾರ್ಚ್ 12

ಚಿತ್ರಗಾರರಿಗೆ,

ಹೂಂ ಅನ್ನುವುದಿಲ್ಲ.

ಚಿತ್ರ ಚೆನ್ನಾಗಿದೆ. ಚೆನ್ನಾಗಿರುವುದೇ ತೊಂದರೆ. ಬೆನ್ನು ಹಾಕಿ ಹೋದವನನ್ನು ಜೀವಮಾನವೆಲ್ಲ ನೋಡಿದ್ದೇನೆ. ಅದನ್ನೇ ಗೋಡೆಗೆ ತೂಗುಹಾಕಿ, ಮೇಲೊಂದು ದೀಪ ಹಾಕಿ, ಬಂದವರಿಗೆಲ್ಲ ತೋರಿಸುತ್ತೀರಾ? ಒಂದು ಸಲವಾದರೂ ಅವನು ಈ ಕಡೆ ತಿರುಗಲಿ ಎಂದು ಇಷ್ಟೆಲ್ಲ ಬರೆದೆ. ನಿಮಗೆ ಅಷ್ಟೂ ತಿಳಿಯಲಿಲ್ಲ.

ಬೇರೊಬ್ಬರನ್ನು ಬರೆದುಕೊಳ್ಳಿ. ಇನ್ನು ಕಾಗದ ಬೇಡ.

ನಿ. ಟೆ. ಆ.

---

ಮೇ 24

ಅಮ್ಮಾ,

ಕಾಗದ ಬೇಡ ಅಂದಿದ್ದಿರಿ. ಇಷ್ಟು ದಿನ ಸುಮ್ಮನಿದ್ದೆ. ಈಗಲೂ ಮುಖದ ವಿಷಯಕ್ಕೆ ಬರೆಯುತ್ತಿಲ್ಲ. ಆ ಕರಡನ್ನು ಹರಿದು ಹಾಕಿದ್ದೇನೆ. ನಿಮ್ಮ ಮಾತು ಸರಿ. ನನಗೆ ಸುಲಭವಾದದ್ದನ್ನು ನಾನು ಚೆಂದ ಅಂದುಕೊಂಡೆ.

ವಿಷಯ ಬೇರೆ. ಮಿಡತೆಯ ರೆಕ್ಕೆಯ ಒಂದು ತುಂಡು ಆಗ ಬೆಸ್ತರ ಬಲೆಗೆ ಸಿಕ್ಕಿತ್ತಲ್ಲ, ಬಂದರಿನ ಕಚೇರಿಯಲ್ಲಿ ಬಿದ್ದಿದ್ದ ಅದನ್ನು ಸಂಗ್ರಹಾಲಯದವರು ತಂದಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಅದರ ಒಂದು ರೇಖಾಚಿತ್ರ ಬೇಕೆಂದು ನನ್ನನ್ನು ಉಗ್ರಾಣಕ್ಕೆ ಕರೆದರು. ಮೇಜಿನ ಮೇಲೆ ಹರಡಿಕೊಂಡು, ಭೂತಗನ್ನಡಿ ಹಿಡಿದು ಕೂತೆ.

ಬಿದಿರು ತುಂಡಾಗಿದೆ. ತಂತಿ ತುಕ್ಕು ಹಿಡಿದು ಮುಟ್ಟಿದರೆ ಉದುರುತ್ತದೆ. ಬಟ್ಟೆಯೂ ಹರಿದಿದೆ. ಆದರೆ ಹರಿದಿರುವುದು ನಡುವಿನ ಬಟ್ಟೆ. ಹೊಲಿಗೆ ಒಂದು ಕಡೆಯೂ ಬಿಟ್ಟಿಲ್ಲ. ಅಂಚು ಮಡಿಸಿ ಒಂದು ಸಾಲು, ಅದರ ಪಕ್ಕದಲ್ಲೇ ಇನ್ನೊಂದು ಸಾಲು, ಯಂತ್ರದ ಸೂಜಿ ಹೋಗದ ಮೂಲೆಗಳಲ್ಲಿ ಕೈಹೊಲಿಗೆ. ಆ ಕಾಲದ ವಿಮಾನಗಳ ಬಟ್ಟೆಯನ್ನು ಎಷ್ಟೋ ನೋಡಿದ್ದೇನೆ, ಇಷ್ಟು ಪ್ರೀತಿಯ ಹೊಲಿಗೆಯನ್ನು ಕಂಡಿಲ್ಲ. ಸಮುದ್ರಕ್ಕೂ ಬಿಚ್ಚಲಾಗಲಿಲ್ಲ.

ಯಾವ ದರ್ಜಿ ಹೊಲಿದದ್ದು? ನಿಮಗೆ ಗೊತ್ತಿದ್ದರೆ ಅವರ ಹೆಸರನ್ನು ಎಲ್ಲಾದರೂ ಹಾಕಿಸಬೇಕೆಂಬ ಆಸೆ. ಅದಕ್ಕಷ್ಟೇ ಈ ಕಾಗದ. ಉತ್ತರ ಬರೆಯಲೇಬೇಕೆಂದಿಲ್ಲ.

ತಪ್ಪೊಪ್ಪಿಕೊಂಡು,
ಚಿತ್ರಗಾರ

---

ಜೂನ್ 18

ಚಿತ್ರಗಾರರೇ,

ದರ್ಜಿಯಲ್ಲ. ನಮ್ಮಮ್ಮ.

ನಡುಮನೆಯ ತುಂಬ ಆ ಬಟ್ಟೆ ಹರಡಿರುತ್ತಿತ್ತು. ನಾನು ಅದರ ಮೇಲೆ ಕಾಲಿಡುವಂತಿಲ್ಲ, ಗೋಡೆ ಹಿಡಿದುಕೊಂಡು ಓಡಾಡಬೇಕು. ಅಮ್ಮ ಹೊಲಿಗೆ ಯಂತ್ರ ತುಳಿಯುವಳು, ಅಪ್ಪ ಆ ಕಡೆ ಬಟ್ಟೆಯ ಭಾರವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಸೂಜಿಗೆ ಒಪ್ಪಿಸುವನು. ಇಬ್ಬರೂ ಮಾತಾಡುತ್ತಿರಲಿಲ್ಲ, ಅಷ್ಟು ಗಮನ.

ಅಪ್ಪ ಬರಲಿಲ್ಲ ಅಂದಮೇಲೆ ಊರಲ್ಲಿ ಮಾತು ಹುಟ್ಟಿತು, “ರೆಕ್ಕೆ ಬಿಚ್ಕೊಂತಂತೆ.” ಯಾರು ಕಂಡಿದ್ದರು? ಬೆಸ್ತರು ಆ ತುಂಡು ತಂದಾಗ ಬಂದರಿನ ಕಚೇರಿಯವರು ಅಮ್ಮನಿಗೆ ಬಂದು ನೋಡಿ ಎಂದು ಹೇಳಿ ಕಳಿಸಿದರು. ಅಮ್ಮ ಹೋಗಲಿಲ್ಲ. “ನೋಡೋದೇನಿದೆ?” ಅಂದಳು. ಕತ್ತರಿ ಹಿಡಿದದ್ದು ಆಮೇಲೆ.

ಊರವರ ಬಟ್ಟೆ ಹೊಲಿದು ನನ್ನನ್ನು ಸಾಕಿದಳು. ಅವಳದೊಂದು ಅಭ್ಯಾಸವಿತ್ತು. ಯಾರ ಬಟ್ಟೆಯನ್ನೂ ಹಾಗೇ ಕೊಡುತ್ತಿರಲಿಲ್ಲ, ಒಂದೊಂದು ಹೊಲಿಗೆಯನ್ನೂ ಎರಡು ಕೈಯಲ್ಲಿ ಹಿಡಿದು ಬಲವಾಗಿ ಜಗ್ಗಿ ನೋಡುವಳು. ಗಿರಾಕಿಗಳು ನಗುತ್ತಿದ್ದರು, “ಹೊಲೀರಿ ಅಂತ ಕೊಟ್ರೆ ಹರಿಯೋಕೆ ನೋಡ್ತೀರಲ್ರೀ!” ಅಮ್ಮ ನಗುತ್ತಿರಲಿಲ್ಲ. ಹಸುಗೂಸಿನ ಅಂಗಿಯನ್ನೂ ಹಾಗೆಯೇ ಜಗ್ಗುತ್ತಿದ್ದಳು. ಕೆಲಸದಲ್ಲಿ ಅಷ್ಟು ಕಟ್ಟುನಿಟ್ಟು ಅಂದುಕೊಂಡಿದ್ದೆ.

ನಿಮ್ಮ ಕಾಗದ ಬಂದ ದಿನ ಹಿತ್ತಲ ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲ. ಸೊಸೆ ಬಂದು “ಏನಾಯ್ತತ್ತೆ?” ಅಂದಳು. ಕಾಗದವನ್ನೇ ಅವಳ ಕೈಗೆ ಕೊಟ್ಟೆ. ಅವಳೂ ಓದಿ ಪಕ್ಕದಲ್ಲಿ ಕೂತಳು.

ಅಮ್ಮ ಸಿಟ್ಟಿಗೆ ಮುಖ ಕತ್ತರಿಸಿದಳು ಅಂದುಕೊಂಡು, ಆ ಸಿಟ್ಟನ್ನು ಆಸ್ತಿಯ ಹಾಗೆ ನಾನೂ ಕಾಪಾಡಿಕೊಂಡು ಬಂದೆ. ಅದು ಸಿಟ್ಟಲ್ಲ. ಆ ಕಣ್ಣುಗಳು ತನ್ನನ್ನು ನೋಡುವುದು ಅವಳಿಗೆ ಬೇಡವಾಗಿತ್ತು. ಬಂದರು ಎಷ್ಟು ದೂರ? ನಡೆದೇ ಹೋಗಬಹುದಿತ್ತು. ಒಂದು ಸಲ ಹೋಗಿ ಆ ತುಂಡನ್ನು ಕೈಯಲ್ಲಿ ಹಿಡಿದಿದ್ದರೆ!

ಇನ್ನೊಂದು ಮಾತು, ಮೊದಲೇ ಹೇಳಬಹುದಿತ್ತು, ಮನಸ್ಸಿರಲಿಲ್ಲ. ಅಮ್ಮ ನನ್ನ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಊಟಕ್ಕೆ ಬಡಿಸುವಾಗ ಕಣ್ಣು ತಟ್ಟೆಯ ಮೇಲೆ, ಮಾತಾಡುವಾಗ ಸೂಜಿಯ ಮೇಲೆ. ನಾನು ನೋಡಲಾಗದಷ್ಟು ಕೆಟ್ಟದಾಗಿದ್ದೇನೇನೋ ಅಂದುಕೊಂಡೇ ಬೆಳೆದೆ. ಅಕ್ಕಪಕ್ಕದವರು “ಅಪ್ಪನ ಪಡಿಯಚ್ಚು ಕಣೇ ನೀನು” ಅನ್ನುತ್ತಿದ್ದರು. ಅಮ್ಮ ಬಂದರೆ ಮಾತು ಬದಲಾಯಿಸುತ್ತಿದ್ದರು.

ಇದರ ಜೊತೆ ಒಂದು ಫೋಟೊ ಇದೆ. ಎಕ್ಸ್‌ಚೇಂಜಿನ ಗುರುತಿನ ಚೀಟಿಗೆ ತೆಗೆಸಿದ್ದು. ಆಗ ನನಗೆ ಮೂವತ್ತು ಚಿಲ್ಲರೆ. ನಮ್ಮ ಮನೆಯಲ್ಲಿದ್ದ ಅಪ್ಪನ ಮುಖಗಳಲ್ಲಿ ಅಮ್ಮ ಕತ್ತರಿಸದೆ ಬಿಟ್ಟದ್ದು ಇದೊಂದೇ.

ಹಲ್ಲಿನ ಸಂದು ನನಗೆ ಬಂದಿಲ್ಲ, ನೀವೇ ಸೇರಿಸಿಕೊಳ್ಳಿ. ಜಡೆ ತೆಗೆಯಿರಿ.

ಇತಿ,
ದರ್ಜಿಯ ಮಗಳು

---

ಆಗಸ್ಟ್ 6

ಅಮ್ಮಾ,

ನಿಮ್ಮ ಫೋಟೊ ಇದರ ಜೊತೆಗೇ ಮರಳಿ ಬರುತ್ತಿದೆ. ಒಂದು ಗೀರೂ ಆಗಿಲ್ಲ.

ಅದನ್ನು ಈಸೆಲ್ಲಿನ ಮೂಲೆಗೆ ಸಿಕ್ಕಿಸಿಕೊಂಡು ದಿನಾ ನೋಡಿದೆ. ಬರೆಯಲಿಲ್ಲ, ಬರೀ ನೋಡಿದೆ. ಕಾರ್ಖಾನೆಯಲ್ಲಿ ಮೊದಲು ಅಳೆಯುವುದು, ಆಮೇಲೆ ಬರೆಯುವುದು ಅಭ್ಯಾಸ. ಇಲ್ಲಿ ಅಳತೆ ಬಿಟ್ಟೆ. ಜಡೆ ತೆಗೆದೆ, ದವಡೆ ಒಂದಿಷ್ಟು ಅಗಲ ಮಾಡಿದೆ, ಗಲ್ಲದ ಮೇಲೆ ಗಡ್ಡ ತೆಗೆದ ಮೇಲಿನ ಹಸಿರು ಹಾಕಿದೆ. ಕಣ್ಣುಗಳನ್ನು ಮಾತ್ರ ಇದ್ದ ಹಾಗೆಯೇ ಇಳಿಸಿಕೊಂಡೆ. ಬಾಯಿ ತನ್ನ ಜಾಗಕ್ಕೆ ತಾನೇ ಬಂದು ಕೂತಿತು.

ಹೆಂಡತಿ ಟೀ ತಂದವಳು ಲೋಟ ಹಿಡಿದುಕೊಂಡೇ ನಿಂತಳು. “ಇವ್ರು ಏನೋ ಹೇಳ್ತಿದಾರಲ್ರೀ, ಯಾರಿಗೆ?” ಅಂದಳು. ಇಷ್ಟು ವರ್ಷದಲ್ಲಿ ಅವಳು ವಿಮಾನ ಬಿಟ್ಟು ಮನುಷ್ಯನ ಕಡೆ ನೋಡಿದ್ದು ಇದೇ ಮೊದಲು. ಟೀ ಆರಿಹೋಯಿತು.

ಈ ಸಲ ಕರಡು ಕಳಿಸುವುದಿಲ್ಲ. ನೀವೇ ಬರಬೇಕು. ಬಾಗಿಲು ತೆರೆಯುವ ಮುಂಚೆ ಯಾವ ದಿನ ಬಂದರೂ ಹಜಾರ ಖಾಲಿಯಿರುತ್ತದೆ, ಕಾವಲಿನವನಿಗೆ ಹೇಳಿಟ್ಟಿದ್ದೇನೆ. ನಾನು ಅಲ್ಲಿರುವುದಿಲ್ಲ. ಬರೆದವನು ಪಕ್ಕದಲ್ಲೇ ನಿಂತಿದ್ದರೆ ‘ಚೆನ್ನಾಗಿದೆ’ ಅನ್ನಲೇಬೇಕಾಗುತ್ತದೆ. ಅವರಲ್ಲ ಅನ್ನಿಸಿದರೆ ಅಲ್ಲ ಎಂದೇ ಬರೆಯಿರಿ. ಗೋಡೆಯಿಂದ ಇಳಿಸುತ್ತೇನೆ.

ಎದೆ ಹೊಡೆದುಕೊಳ್ಳುತ್ತಿರುವ
ಚಿತ್ರಗಾರ

---

ಸೆಪ್ಟೆಂಬರ್ 2

ಏನಪ್ಪಾ ಚಿತ್ರಗಾರ,

ಇನ್ನು ‘ನೀವು’ ಅನ್ನಲು ನನ್ನಿಂದಾಗುವುದಿಲ್ಲ. ಬೇಜಾರಾದರೆ ಮಾಡಿಕೋ.

ಸೊಸೆಯೂ ನಾನೂ ಹೋಗಿಬಂದೆವು. ನೆಟ್ಟಗೆ ಹನ್ನೆರಡನೆಯದರ ಹತ್ತಿರ ಹೋಗಲಿಲ್ಲ. ಮೊದಲನೆಯದರಿಂದ ಶುರುಮಾಡಿ ಒಂದೊಂದರ ಮುಂದೂ ನಿಂತೆ. ಕಾಲು ನೋವು ಎಂದು ಸೊಸೆಗೆ ಹೇಳಿದೆ. ಕಾಲು ಚೆನ್ನಾಗಿಯೇ ಇತ್ತು. ನಿನ್ನ ವಿಮಾನಗಳು ಈಗಲೋ ಆಗಲೋ ಗೋಡೆ ಬಿಟ್ಟು ಹೊರಡುವ ಹಾಗಿವೆ. ಮನುಷ್ಯರ ವಿಷಯದಲ್ಲಿ ನಿನ್ನ ಹೆಂಡತಿ ಸುಳ್ಳು ಹೇಳಿಲ್ಲ.

ಆಮೇಲೆ ಅವನ ಹತ್ತಿರ ಬಂದೆ. ತಲೆ ಎತ್ತಲಾಗದೆ ಮೊದಲು ಕೆಳಗಿನ ಹಿತ್ತಾಳೆ ಫಲಕ ಓದಿದೆ. ಹಾರಿದವರು ಎಂದು ಅಪ್ಪನ ಹೆಸರು, ರೆಕ್ಕೆ ಹೊಲಿದವರು ಎಂದು ಅಮ್ಮನ ಹೆಸರು. ಉಳಿದ ಹನ್ನೊಂದರಲ್ಲೂ ಎರಡನೇ ಸಾಲಿನಲ್ಲಿ ಚಿತ್ರಗಾರನ ಹೆಸರಿದೆ. ಇದರಲ್ಲಿ ಇಲ್ಲ. ಯಾಕೆ ಎಂದು ನಾನು ಕೇಳುವುದಿಲ್ಲ, ನೀನೂ ಹೇಳಬೇಡ.

ತಲೆ ಎತ್ತಿದೆ.

“ಇಷ್ಟು ಚಿಕ್ಕವನಾ!” ಅಂದೆ. ಸೊಸೆ ನನ್ನ ಕೈ ಹಿಡಿದುಕೊಂಡಳು.

ನನ್ನ ಮನಸ್ಸಿನಲ್ಲಿದ್ದ ಅಪ್ಪ ದೊಡ್ಡ ಗಂಡಸು. ಎಲ್ಲ ತಿಳಿದವನು, ತಿಳಿದೂ ಬಿಟ್ಟುಹೋದವನು. ಅಂಥವನ ಮೇಲೆ ಸಿಟ್ಟು ಮಾಡಿಕೊಳ್ಳಬಹುದು. ಇಲ್ಲಿ ನಿಂತಿರುವುದು ಒಬ್ಬ ಹುಡುಗ. ಕಾಲರಿನ ಒಂದು ಮಗ್ಗುಲು ಒಳಗೆ ಮಡಿಚಿಕೊಂಡಿದೆ, ಅದನ್ನು ನೋಡಿಕೊಳ್ಳುವಷ್ಟು ಪುರುಸೊತ್ತಿಲ್ಲ. ಹಾರುವವರ ಆ ದೊಡ್ಡ ಕನ್ನಡಕ ಹಣೆಯ ಮೇಲೆ. ಮೂವತ್ತೊಂದು ವರ್ಷ ಅವನಿಗೆ. ನನ್ನ ಮಗನಿಗೇ ಈಗ ಐವತ್ತು ದಾಟಿದೆ. ಅಮ್ಮನಿಗೆ ಆಗ ಇಪ್ಪತ್ತೈದೋ ಏನೋ. ಇಬ್ಬರೂ ಮಕ್ಕಳು. ಮಕ್ಕಳು ಸೇರಿಕೊಂಡು ಏನೋ ಕಟ್ಟಿದರು, ಅದು ಹಾರಿಯೂಬಿಟ್ಟಿತು. ಎಂಥ ಖುಷಿಯಾಗಿರಬೇಕು ಆ ಮನೆಯಲ್ಲಿ! ಈ ಯೋಚನೆ ನನಗೆ ಒಂದು ದಿನವೂ ಬಂದಿರಲಿಲ್ಲ.

ಬಲಗಿವಿ ಸ್ವಲ್ಪ ದೊಡ್ಡದಾಯಿತು. ಇರಲಿ, ಮುಟ್ಟಬೇಡ.

ಸೊಸೆ ಬೆಂಚು ತೋರಿಸಿದಳು, ಕೂರಲಿಲ್ಲ. ಹತ್ತಿರ ಹೋದೆ. ಕಾವಲಿನವನು ದೂರದಿಂದಲೇ “ಅಜ್ಜೀ, ಮುಟ್ಬಾರ್ದು” ಅಂದ. “ಮುಟ್ಟಲ್ಲ ಕಣಪ್ಪಾ, ಒಂದು ಮಾತು ಹೇಳ್ಬೇಕು” ಅಂದೆ. ಅವನು ಆ ಕಡೆ ತಿರುಗಿ ನಿಂತ.

ಬಸ್ಸಿನಲ್ಲಿ ಬರುವಾಗ ಏನೇನು ಕೇಳಬೇಕೆಂದು ಸಾಲಾಗಿ ಜೋಡಿಸಿಕೊಂಡಿದ್ದೆ. ಅವನ ಎದುರು ನಿಂತಾಗ ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ‘ಅಪ್ಪಾ’ ಎಂದು ಕರೆದಾದರೂ ಬರೋಣವೆಂದುಕೊಂಡೆ. ಅಷ್ಟು ಎಳೆಯ ಮುಖಕ್ಕೆ ಆ ಮಾತು ಹೊಂದಲಿಲ್ಲ.

“ಹುಷಾರಾಗಿ ಹೋಗಿ ಬಾ, ಮಗಾ” ಅಂದೆ.

ಇತಿ,
ಅವನ ಮಗಳು